ದೇಣಿಗೆಗಾಗಿ ಸೈಕಲ್ ತುಳಿಯುವವರಿಗೆ ಒಬ್ಬ ಖಜಾಂಚಿಯ ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೊರಟು ಊಟಿಗೆ, ಕನ್ಯಾಕುಮಾರಿಗೆ, ಗೋವಾಕ್ಕೆ ಸೈಕಲ್ ತುಳಿದು, ಅದೇ ನೆಪದಲ್ಲಿ ಬಂಧುಮಿತ್ರರಿಂದ ಹಣ ಎತ್ತಿ ಯಾವುದಾದರೊಂದು ಸಂಸ್ಥೆಗೆ ಕೊಡುವ ಹವ್ಯಾಸಿ ಸವಾರರಿಗೆ, ಅವರ ಯಾತ್ರೆಗಳನ್ನು ಏರ್ಪಡಿಸುವವರಿಗೆ, ಜರ್ಸಿಯ ಮೇಲೆ ಹೆಸರು ಅಚ್ಚು ಹಾಕಿಸುವ ಕಂಪನಿಗಳವರಿಗೆ ಈ ಪತ್ರ. ಬರೆಯುತ್ತಿರುವ ನಾನು ಮೈಸೂರು–ಗುಂಡ್ಲುಪೇಟೆ ರಸ್ತೆಯಿಂದ ಸ್ವಲ್ಪ ಒಳಗಿರುವ, ಕಿವಿ ಕೇಳಿಸದ ಮಕ್ಕಳ ಒಂದು ಸಣ್ಣ ಶಾಲೆಯ ಖಜಾಂಚಿ. ಮೊದಲು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ರಸೀದಿ ಪುಸ್ತಕ ಕೈಗೆ ಬಂತು.

ನಮ್ಮ ಶಾಲೆಗೂ ಸೈಕಲ್ ಯಾತ್ರೆಗಳ ಹಣ ಬಂದಿದೆ. ಅದರ ಋಣ ನಮ್ಮ ಮೇಲಿದೆ. ಆದರೆ ಹಣ ಪಡೆದವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ; ಮುಂದಿನ ವರ್ಷ ಬೇರೆ ಸಂಸ್ಥೆಯ ಕಡೆಗೆ ತಿರುಗಿಬಿಟ್ಟರೆ ಎಂಬ ಅಂಜಿಕೆ. ಹಾರ ಹಾಕಿ, ಮಜ್ಜಿಗೆ ಕೊಟ್ಟು, ಕೈಮುಗಿದು ಕಳುಹಿಸುತ್ತಾರೆ. ನನಗೆ ವಯಸ್ಸಾಯಿತು, ಅಂಜಿಕೆಯೂ ಕಡಿಮೆಯಾಯಿತು. ಹೇಳಬೇಕಾದದ್ದು ಒಂದೇ ಮಾತು: ಲೆಕ್ಕವನ್ನು ಸೈಕಲ್ ಹತ್ತುವ ಮೊದಲೇ ಮುಗಿಸಿ. ಎಷ್ಟು ಕೊಡುತ್ತೀರಿ, ಅದರಲ್ಲಿ ಸವಾರಿಯ ಖರ್ಚೆಷ್ಟು, ಉಳಿದದ್ದು ಏನಕ್ಕೆ ಎಂಬುದೆಲ್ಲ ಮೊದಲ ಪೆಡಲ್ ತುಳಿಯುವ ಮುನ್ನವೇ ತೀರ್ಮಾನವಾಗಿರಲಿ. ಆಮೇಲೆ ತೀರ್ಮಾನಿಸಲು ಹೊರಟರೆ ಆಗುವ ಫಜೀತಿಯನ್ನು ನಾವು ಅನುಭವಿಸಿದ್ದೇವೆ.

ನಿಮ್ಮ ಬೆವರನ್ನು ನಾನು ಹಗುರವಾಗಿ ಕಾಣುವವನಲ್ಲ. 2008ರಲ್ಲಿ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಯಾತ್ರೆ ಆರಂಭವಾದಾಗ ನಮ್ಮ ಕಡೆಯವರಿಗೆ ಅದೊಂದು ಸೋಜಿಗ. ಕಾರು ಇಟ್ಟುಕೊಂಡವರು ಕಾರನ್ನು ಮನೆಯಲ್ಲಿ ಬಿಟ್ಟು, ಬಿಗಿ ಚಡ್ಡಿ ತೊಟ್ಟು, ಯಾರೂ ಅಟ್ಟಿಸಿಕೊಂಡು ಬಾರದಿದ್ದರೂ ಹೀಗೆ ತುಳಿಯುವುದೇಕೆ ಎಂದು ಕೇಳುತ್ತಿದ್ದರು. ಈಗ ಚಳಿಗಾಲ ಬಂದರೆ ಹೆದ್ದಾರಿಯ ಟೀ ಅಂಗಡಿಯವರಿಗೆ ಕಾರ್ಬನ್ ಫ್ರೇಮಿಗೂ ಅಲ್ಯೂಮಿನಿಯಂ ಫ್ರೇಮಿಗೂ ಇರುವ ವ್ಯತ್ಯಾಸ ಗೊತ್ತು. ಬಂಡೀಪುರದ ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ನೀವು ಆ ಗೇಟಿಗೆ ಹೊಂದಿಸಿಕೊಂಡು ಹೊರಡುವ ಹೊತ್ತನ್ನೂ ತಂಗುವ ಊರನ್ನೂ ಗೊತ್ತುಮಾಡಿಕೊಳ್ಳುತ್ತೀರಿ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ಕಾರುಗಳೇ ಉಸಿರು ಬಿಡುತ್ತವೆ. ಅಲ್ಲಿ ಕಚೇರಿಯ ಕುರ್ಚಿಯಲ್ಲಿ ಕೂತು ದುಡಿಯುವ ನಲವತ್ತರ ಗಂಡಸು, ಮಕ್ಕಳನ್ನು ಶಾಲೆಗೆ ಕಳುಹಿಸಿ ಬಂದು ಅಭ್ಯಾಸ ಮಾಡಿದ ಹೆಂಗಸು, ಸೈಕಲಿನಿಂದ ಇಳಿಯದೆ ಏರುತ್ತಾರೆಂದರೆ ಅದು ದುಡ್ಡು ಕೊಟ್ಟು ಕೊಳ್ಳುವ ಸಾಮರ್ಥ್ಯವಲ್ಲ. ಅಂಥವರು ಬಂದು ಕೇಳಿದಾಗ ಜನ ಜೇಬಿಗೆ ಕೈ ಹಾಕುತ್ತಾರೆ. ಖಜಾಂಚಿ ಪತ್ರ ಬರೆದು ಕೇಳಿದರೆ ಹಾಕುವುದಿಲ್ಲ. ನಾನು ಬರೆದು ನೋಡಿದ್ದೇನೆ.

ಈಗ ಒಂದು ಸಣ್ಣ ವಸ್ತುವಿನ ವಿಚಾರ. ಕಿವಿಯ ಹಿಂದೆ ಸಿಕ್ಕಿಸುವ ಶ್ರವಣ ಸಾಧನದೊಳಗೆ ಅಂಗಿಯ ಗುಂಡಿಯಷ್ಟು ಗಾತ್ರದ ಬ್ಯಾಟರಿ ಇರುತ್ತದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರದು 675 ಎಂಬ ಸಂಖ್ಯೆಯದು, ಅದರ ಬೆನ್ನಿಗೆ ನೀಲಿ ಅಂಟುಪಟ್ಟಿ. ಝಿಂಕ್ ಏರ್ ಬ್ಯಾಟರಿ ಎನ್ನುತ್ತಾರೆ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಕೆಲಸ ಮಾಡುತ್ತದೆ. ಪಟ್ಟಿ ಕಿತ್ತ ಗಳಿಗೆಯಿಂದ ಅದರ ಆಯುಷ್ಯ ಕರಗಲು ಶುರು, ಸಾಧನವನ್ನು ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಕರಗುತ್ತದೆ. ದೋಷ ತೀವ್ರವಾಗಿರುವ ಮಗು ಎಚ್ಚರವಾಗಿರುವಷ್ಟು ಹೊತ್ತೂ ಸಾಧನ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಮಾತು ಕಲಿಯುವುದು ಹಿಂದೆ ಬೀಳುತ್ತದೆ. ಹಾಗೆ ಬಳಸಿದರೆ ಬ್ಯಾಟರಿ ಎರಡು ವಾರ ಬರುತ್ತದೆ, ಮೂರು ವಾರ ಬಂದರೆ ಪುಣ್ಯ. ಎರಡು ಕಿವಿಗೆ ಎರಡು. ಶಾಲೆಯಲ್ಲಿ ನಾವು ಕೊಡುತ್ತೇವೆ. ಬೇಸಿಗೆ ರಜೆಯಲ್ಲಿ ಮನೆಗೆ ಹೋದ ಮಗುವಿನ ಬ್ಯಾಟರಿ ಮುಗಿದರೆ ಹಳ್ಳಿಯ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಜೂನ್‌ನಲ್ಲಿ ಮಗು ಹಿಂದಿರುಗುವಾಗ ಏಪ್ರಿಲ್‌ನಲ್ಲಿ ಕಲಿತ ಪದಗಳಲ್ಲಿ ಒಂದಷ್ಟು ಉದುರಿಹೋಗಿರುತ್ತವೆ.

ಬ್ಯಾಟರಿಯ ಜೊತೆಗೆ ಕಿವಿಯ ಅಚ್ಚು. ಸಾಧನದಿಂದ ಬರುವ ಸದ್ದನ್ನು ಕಿವಿಯೊಳಗೆ ಒಯ್ಯುವ, ಆ ಮಗುವಿನ ಕಿವಿಗೆಂದೇ ಅಳತೆ ತೆಗೆದು ಮಾಡಿದ ಮೆತ್ತನೆಯ ತುಂಡು. ಮಗುವಿನ ಕಿವಿ ಬೆಳೆಯುತ್ತದೆ, ಅಚ್ಚು ಬೆಳೆಯುವುದಿಲ್ಲ. ಸಡಿಲವಾದ ಅಚ್ಚಿನ ಸಂದಿಯಿಂದ ಸೋರಿದ ಸದ್ದನ್ನೇ ಸಾಧನದ ಮೈಕು ಮತ್ತೆ ಹಿಡಿದು, ಅದನ್ನೇ ಮತ್ತೆ ದೊಡ್ಡದು ಮಾಡಿ, ಕುಯ್ ಎಂದು ಶಿಳ್ಳೆ ಹೊಡೆಯತೊಡಗುತ್ತದೆ. ಒಂದನೆಯ ತರಗತಿಗೆ ಹೋಗಿ ನಿಂತರೆ ಆ ಶಿಳ್ಳೆ ನಿಮಗೆ ಕೇಳಿಸುತ್ತದೆ. ಶಿಳ್ಳೆ ಹೊಡೆಯುತ್ತಿರುವ ಮಗುವಿಗೆ ಅನೇಕ ವೇಳೆ ಕೇಳಿಸುವುದಿಲ್ಲ. ಅದು ಎದುರಿಗಿರುವ ಚಿತ್ರದ ಮೇಲೆ ಬೆರಳಿಟ್ಟುಕೊಂಡು ಕೂತಿರುತ್ತದೆ. ಶಿಕ್ಷಕಿ ಹತ್ತಿರ ಬಂದು, ಬೇರೆ ದಾರಿಯಿಲ್ಲದೆ, ಸಾಧನದ ವಾಲ್ಯೂಮ್ ತಗ್ಗಿಸುತ್ತಾರೆ. ಶಿಳ್ಳೆ ನಿಲ್ಲುತ್ತದೆ, ಪಾಠವೂ ಅಷ್ಟರಮಟ್ಟಿಗೆ ನಿಲ್ಲುತ್ತದೆ. ಹೊಸ ಅಚ್ಚು ಬೇಕೆಂದರೆ ಮೈಸೂರಿಗೆ ಹೋಗಬೇಕು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮ ಭಾಗದ ಭಾಗ್ಯ, ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಬಸ್ ಟಿಕೆಟಿನ ಖರ್ಚಿಲ್ಲ. ಆದರೆ ಅರಿಸಿನದ ಹೊಲದಲ್ಲಿ ಅವಳು ಕಳೆದುಕೊಳ್ಳುವ ಆ ದಿನದ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ಅದಕ್ಕೇ ಅವಳು ಮುಂದಿನ ವಾರ ನೋಡೋಣ ಎನ್ನುತ್ತಾಳೆ, ಶಿಳ್ಳೆ ಮುಂದುವರಿಯುತ್ತದೆ.

ಇಷ್ಟು ವಿವರ ಏಕೆ ಹೇಳಿದೆನೆಂದರೆ, ಶ್ರವಣ ಸಾಧನ ನಮ್ಮ ದೊಡ್ಡ ಕೊರತೆಯಲ್ಲ. ಅರ್ಹ ಕುಟುಂಬದ ಮಕ್ಕಳಿಗೆ ಕೇಂದ್ರ ಸರ್ಕಾರದ ಯೋಜನೆಯಡಿ ಸಾಧನ ಉಚಿತವಾಗಿ ಸಿಗುತ್ತದೆ. ಸಿಕ್ಕ ಸಾಧನ ವರ್ಷಪೂರ್ತಿ ನಡೆಯುವಂತೆ ನೋಡಿಕೊಳ್ಳಲು ಹಣವಿಲ್ಲ ಎಂಬುದು ನಮ್ಮ ಕೊರತೆ. ಒಂದು ವರ್ಷ ಒಂದು ಸವಾರರ ಗುಂಪು ನಮ್ಮ ಹೆಸರಿನಲ್ಲಿ ಹಣ ಎತ್ತಿತು. ಇಷ್ಟು ಕಿಲೋಮೀಟರಿಗೆ ಒಂದು ಶ್ರವಣ ಸಾಧನ ಎಂದು ಸ್ನೇಹಿತರಿಗೆಲ್ಲ ತಿಳಿಸಿತ್ತು. ನಮಗೆ ತಿಳಿದದ್ದು ಹಣ ಬಂದ ಮೇಲೆ. ಇದನ್ನು ಬ್ಯಾಟರಿಗೂ ಅಚ್ಚಿಗೂ ಬಳಸಬಹುದೇ ಎಂದು ಕೇಳಿದೆ. ದಾನಿಗಳಿಗೆ ಸಾಧನ ಎಂದೇ ಹೇಳಿಬಿಟ್ಟಿದ್ದೇವೆ, ಬದಲಿಸಲು ಬರುವುದಿಲ್ಲ ಎಂದರು. ಅವರು ಹೇಳಿದ್ದು ಸರಿ. ಒಂದು ಉದ್ದೇಶಕ್ಕೆಂದು ಕೊಟ್ಟ ಹಣವನ್ನು ಇನ್ನೊಂದಕ್ಕೆ ತಿರುಗಿಸಿದರೆ ನಾಳೆ ಲೆಕ್ಕಪರಿಶೋಧಕರು ಕೇಳುವುದು ನನ್ನನ್ನೇ. ಹೀಗಾಗಿ ಸಾಧನಗಳು ಬಂದವು, ಫೋಟೊ ಆಯಿತು. ಆಗಲೇ ಸಾಧನವಿದ್ದ ಮಕ್ಕಳಿಗೆ ಇನ್ನೊಂದು ಜೊತೆ ಸಿಕ್ಕಿತು. ಅವಕ್ಕೂ ಬ್ಯಾಟರಿ ಬೇಕು. ಕೆಲವು ಇಂದಿಗೂ ನನ್ನ ಬೀರುವಿನಲ್ಲಿವೆ. ಶ್ರವಣ ಸಾಧನ ತೊಡಿಸುವ ಫೋಟೊ ಚೆನ್ನಾಗಿ ಬರುತ್ತದೆ, ಬ್ಯಾಟರಿಯ ಪಟ್ಟಿ ಕೀಳುವ ಫೋಟೊ ಯಾರಿಗೂ ಬೇಡ. ಇಡೀ ರಗಳೆಯ ಮೂಲ ಅಲ್ಲಿದೆ ಎಂದು ನನ್ನ ಗುಮಾನಿ. ಹಣ ಎತ್ತುವ ಮೊದಲು ಒಂದು ಫೋನ್ ಮಾಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಸೈಕಲನ್ನೇ ದಾನ ಮಾಡುವವರಿಗೂ ಒಂದು ಮಾತು. ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ಆ ಸೈಕಲ್‌ಗಳ ಗುಣಮಟ್ಟದ ಬಗ್ಗೆ ವರ್ಷವೂ ದೂರು ಇರುತ್ತಿತ್ತು, ಬಿಡಿ. ಆದರೆ ಗೇರಿಲ್ಲದ ಆ ಸಾದಾ ಸೈಕಲನ್ನು ಹೋಬಳಿಯ ಯಾವ ಪಂಕ್ಚರ್ ಅಂಗಡಿಯವನಾದರೂ ರಿಪೇರಿ ಮಾಡುತ್ತಿದ್ದ. ದೂರದ ಹಳ್ಳಿಯ ಹುಡುಗಿಯರು ಪ್ರೌಢಶಾಲೆಗೆ ಗುಂಪುಗುಂಪಾಗಿ ಬರತೊಡಗಿದ್ದನ್ನು ನಾನು ಶಿಕ್ಷಕನಾಗಿ ಕಂಡಿದ್ದೇನೆ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಾಗ ಕೆಲವು ದಾನಿಗಳು ಮುಂದೆ ಬಂದರು, ಒಳ್ಳೆಯದೇ. ಆದರೆ ನೀವು ಏರುವಂಥ ಗೇರು, ಡಿಸ್ಕ್ ಬ್ರೇಕಿನ ಸೈಕಲ್ ಕೊಟ್ಟರೆ ಕೇಬಲ್ ತುಂಡಾದ ದಿನ ಅದು ಜಗಲಿ ಸೇರುತ್ತದೆ. ಕೊಡುವ ಮೊದಲು ಆ ಊರಿನ ಪಂಕ್ಚರ್ ಅಂಗಡಿಯವನನ್ನು ಒಮ್ಮೆ ಮಾತನಾಡಿಸಿ.

ಇನ್ನು ಖರ್ಚು. ವಸತಿ, ಊಟ, ಜರ್ಸಿ, ಬೆಂಗಾವಲು ವಾಹನ, ಮೆಕ್ಯಾನಿಕ್, ಆಂಬುಲೆನ್ಸ್, ವಿಮೆ, ಫೋಟೊ, ಡ್ರೋನ್. ಆಂಬುಲೆನ್ಸೂ ಮೆಕ್ಯಾನಿಕ್ಕೂ ಶೋಕಿಯಲ್ಲ. ಹೆದ್ದಾರಿಯಲ್ಲಿ ಲಾರಿಗಳ ಪಕ್ಕದಲ್ಲಿ ತುಳಿಯುವವರಿಗೆ ಅವು ಬೇಕೇ ಬೇಕು. ಡ್ರೋನ್ ಶೋಕಿ. ಎರಡನ್ನೂ ಮಾಡಿಕೊಳ್ಳಿ, ನನ್ನ ಅಭ್ಯಂತರವಿಲ್ಲ. ಯಾರ ಹಣದಲ್ಲಿ ಎಂಬುದನ್ನು ಮಾತ್ರ ಹೇಳಿ. ನಿಮ್ಮ ಸೋದರತ್ತೆ ಪಿಂಚಣಿಯಲ್ಲಿ ಉಳಿಸಿ ಕಳುಹಿಸಿದ ಸಾವಿರ ರೂಪಾಯಿ ಕಿವಿ ಕೇಳಿಸದ ಮಗುವಿಗೆ ಹೋಗುತ್ತದೆಂದು ಅವರು ನಂಬಿದ್ದಾರೆ. ಅದರಲ್ಲಿ ನಾನೂರು ನಿಮ್ಮ ಊಟಿಯ ಹೋಟೆಲ್ ಬಾಡಿಗೆಗೆ ಸೇರುತ್ತದೆ ಎಂದಾದರೆ ಅವರಿಗೆ ತಿಳಿಸಿ. ತಿಳಿದ ಮೇಲೂ ಬಹುಶಃ ಅವರು ಕೊಟ್ಟಾರು, ನಿಮ್ಮ ಮೇಲಿನ ಅಕ್ಕರೆಗಾಗಿ. ತಿಳಿಸದೆ ತೆಗೆದುಕೊಳ್ಳುವುದು ಮಾತ್ರ ಸಲ್ಲ. ಖರ್ಚು ಕಡಿಮೆ ಮಾಡಲೇಬೇಕೆಂದರೆ ದಾರಿಯನ್ನು ನಿಮ್ಮವರೇ ತೋರಿಸಿದ್ದಾರೆ. ಬೆಂಗಳೂರಿನಲ್ಲಿ ಬ್ರೆವೆ ಎಂಬ ದೂರದ ಸೈಕಲ್ ಸವಾರಿ ಮಾಡುವವರನ್ನು ನೋಡಿ: 200 ಕಿಲೋಮೀಟರ್ ಹದಿಮೂರೂವರೆ ಗಂಟೆಯಲ್ಲಿ, 600 ಕಿಲೋಮೀಟರ್ 40 ಗಂಟೆಯಲ್ಲಿ ಮುಗಿಸಬೇಕು, ದಾರಿಯಲ್ಲಿ ಬೆಂಗಾವಲು ವಾಹನ ಹಿಂಬಾಲಿಸುವಂತಿಲ್ಲ. ಟ್ಯೂಬ್, ಪಂಪು, ದೀಪ, ಕಡಲೆಮಿಠಾಯಿ ಎಲ್ಲ ತಮ್ಮ ಚೀಲದಲ್ಲೇ. ಗೆದ್ದರೆ ಬಹುಮಾನವೂ ಇಲ್ಲ. ಅಷ್ಟು ಸರಳವಾಗಿ ತುಳಿದು ದೇಣಿಗೆ ಎತ್ತುವುದಕ್ಕೆ ಅಡ್ಡಿಯೇನೂ ಇಲ್ಲವಲ್ಲ.

ಈ ಖರ್ಚಿನ ಜಗಳ ನಮ್ಮಲ್ಲಿ ಹೊಸದು, ಹೊರಗೆ ಹಳೆಯದು. ಅಮೆರಿಕದಲ್ಲಿ 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ ಕ್ಯಾಲಿಫೋರ್ನಿಯಾ ಏಡ್ಸ್ ರೈಡ್ ಎಂಬ ಸೈಕಲ್ ಯಾತ್ರೆ ಆರಂಭವಾಯಿತು. ಅದನ್ನು ಕಟ್ಟಿದ ಡ್ಯಾನ್ ಪಲೋಟಾ ಅವರ ಕಂಪನಿ ಹವ್ಯಾಸಿಗಳನ್ನು ನೂರಾರು ಮೈಲಿ ತುಳಿಸಿ ಹಿಂದೆಂದೂ ಕಾಣದಷ್ಟು ಹಣ ಎತ್ತಿತು. ಹಾಗೆಯೇ ಖರ್ಚೂ ಮಾಡಿತು: ಗುಡಾರದ ಊರು, ಅಡುಗೆ, ಸ್ನಾನದ ವ್ಯವಸ್ಥೆ, ಜಾಹೀರಾತು. ಎತ್ತಿದ ಹಣದಲ್ಲಿ ಸೇವೆಗೆ ಹೋದದ್ದೆಷ್ಟು ಎಂಬ ಪ್ರಶ್ನೆ ಎದ್ದಿತು. 2002ರಲ್ಲಿ ಆ ಕಂಪನಿ ಮುಚ್ಚಿತು. ಅದೇ ವರ್ಷ, ಹಣ ಪಡೆಯುತ್ತಿದ್ದ ಸಂಸ್ಥೆಗಳೇ ಅದೇ ಎರಡು ಊರುಗಳ ನಡುವೆ ಏಡ್ಸ್ ಲೈಫ್‌ಸೈಕಲ್ ಎಂಬ ತಮ್ಮದೇ ಯಾತ್ರೆ ಶುರುಮಾಡಿದವು. ಏಳು ದಿನ, 545 ಮೈಲಿ. ಅದೂ ಖರ್ಚು ಏರಿ, ಸವಾರರು ಕಡಿಮೆಯಾಗಿ, 2025ರ ಜೂನ್‌ನಲ್ಲಿ ಕೊನೆಯ ಬಾರಿಗೆ ನಡೆಯಿತು.

ಪಲೋಟಾ ಅವರ ವಾದವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಶೇಕಡಾವಾರು ನೋಡಬೇಡಿ, ಕೊನೆಗೆ ಕೈಗೆ ಬಂದ ಮೊತ್ತ ನೋಡಿ ಎನ್ನುತ್ತಾರೆ ಅವರು. ಗಣಿತದ ಮೇಷ್ಟ್ರಾಗಿ ನನಗೆ ಅದು ಅರ್ಥವಾಗುತ್ತದೆ: ಹತ್ತು ಲಕ್ಷದಲ್ಲಿ ಅರ್ಧ, ಒಂದು ಲಕ್ಷದ ಪೂರ್ತಿಗಿಂತ ದೊಡ್ಡದು. ದುಡ್ಡು ಸುರಿಯದೆ ದುಡ್ಡು ಹುಟ್ಟುವುದಿಲ್ಲ ಎಂಬುದು ನಿಜವೇ. ಆದರೆ ಆ ಅರ್ಧವನ್ನು ಕೊಟ್ಟವರು ಒಪ್ಪಿ ಕೊಟ್ಟಿರಬೇಕಲ್ಲವೇ? ಖರ್ಚು ಮಾಡುವುದು ಬೇರೆ, ಮುಚ್ಚಿಟ್ಟು ಖರ್ಚು ಮಾಡುವುದು ಬೇರೆ.

ಅದೇ ದೇಶದಲ್ಲಿ ಇನ್ನೊಂದು ಯಾತ್ರೆ ಇದೆ. ಮ್ಯಾಸಚೂಸೆಟ್ಸ್ ರಾಜ್ಯದ ಪ್ಯಾನ್–ಮಾಸ್ ಚಾಲೆಂಜ್. ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಬಿಲ್ಲಿ ಸ್ಟಾರ್ ಎಂಬವರು 1980ರಲ್ಲಿ ಆರಂಭಿಸಿದ್ದು. ಮೊದಲ ವರ್ಷ 36 ಜನ ಸ್ಪ್ರಿಂಗ್‌ಫೀಲ್ಡ್‌ನಿಂದ ಪ್ರಾವಿನ್ಸ್‌ಟೌನಿಗೆ ತುಳಿದು 10,200 ಡಾಲರ್ ತಂದರು. ಹಣವೆಲ್ಲ ಬಾಸ್ಟನ್ನಿನ ಡಾನಾ–ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ. ಇಲ್ಲಿಯವರೆಗೆ ಅಲ್ಲಿಗೆ ಸೇರಿದ ಮೊತ್ತ ನೂರು ಕೋಟಿ ಡಾಲರ್ ದಾಟಿದೆ. ಅಲ್ಲಿನ ಎರಡು ಕ್ರಮ ನನಗೆ ಹಿಡಿಸಿದವು. ಸವಾರರು ಎತ್ತಿದ ದೇಣಿಗೆಯಲ್ಲಿ ಒಂದು ಕಾಸನ್ನೂ ಯಾತ್ರೆಯ ಖರ್ಚಿಗೆ ಮುಟ್ಟುವುದಿಲ್ಲ. ಖರ್ಚಿಗೆ ನೋಂದಣಿ ಶುಲ್ಕ, ಪ್ರಾಯೋಜಕರು, ಸ್ವಯಂಸೇವಕರು. ಎರಡನೆಯದು ಇನ್ನೂ ಖಡಕ್ಕು: ಇಂತಿಷ್ಟು ಹಣ ತರುತ್ತೇನೆಂದು ಸವಾರ ಮೊದಲೇ ಮಾತು ಕೊಡಬೇಕು, ತರಲಾಗದಿದ್ದರೆ ಉಳಿದದ್ದನ್ನು ಅವನ ಕ್ರೆಡಿಟ್ ಕಾರ್ಡಿನಿಂದಲೇ ಕತ್ತರಿಸಿಕೊಳ್ಳುತ್ತಾರೆ.

ಇದು ಪರದೇಶದ ಪಾಠವೆಂದು ಮೂಗು ಮುರಿಯಬೇಡಿ. ಮಾದಪ್ಪನ ಬೆಟ್ಟಕ್ಕೋ ಧರ್ಮಸ್ಥಳಕ್ಕೋ ನಡೆದು ಹೊರಡುವವರ ಮನೆಯಲ್ಲಿ ನೋಡಿ. ಅರಿಸಿನದ ಬಟ್ಟೆಯಲ್ಲಿ ದುಡ್ಡು ಗಂಟು ಕಟ್ಟಿ, ದೇವರ ಮುಂದಿಟ್ಟು, ಆಮೇಲೆ ಹೊಸ್ತಿಲು ದಾಟುತ್ತಾರೆ. ದಾರಿಯಲ್ಲಿ ಹಸಿವಾದರೆ ಆ ಮುಡಿಪಿಗೆ ಕೈ ಹಾಕುವುದಿಲ್ಲ, ಊಟದ ದುಡ್ಡು ಬೇರೆ ಜೇಬಿನಲ್ಲಿರುತ್ತದೆ. ನಾನು ಕೇಳುತ್ತಿರುವುದು ಅಷ್ಟನ್ನೇ. ದೊಡ್ಡ ಮೊತ್ತ ಬೇಡ. ಒಬ್ಬ ಸವಾರ ಒಂದು ಮಗುವಿನ ಒಂದು ವರ್ಷದ ಬ್ಯಾಟರಿಯ ಹಣ ತರುತ್ತೇನೆಂದು ಹೇಳಿ, ಹೊರಡುವ ಮೊದಲೇ ಅದನ್ನು ಖಾತೆಗೆ ಹಾಕಲಿ. ಆಮೇಲೆ ಕಲ್ಲಟ್ಟಿ ಹತ್ತಲಿ, ಹತ್ತಲಾಗದೆ ವ್ಯಾನ್ ಏರಲಿ, ಅಥವಾ ಮೊದಲ ದಿನವೇ ಮಂಡಿ ಹಿಡಿದು ನಂಜನಗೂಡಿನಿಂದ ಬಸ್ಸಿನಲ್ಲಿ ವಾಪಸಾಗಲಿ, ಮಗುವಿಗೆ ನಷ್ಟವಿಲ್ಲ. ಯಾತ್ರೆ ಮುಗಿಸಿದರೆ ಮಾತ್ರ ಹಣ ಎಂಬ ಷರತ್ತು ಹಾಕಿಕೊಂಡು, ಜ್ವರ ಬಂದರೂ ಘಾಟಿಯಲ್ಲಿ ತುಳಿಯುವವರನ್ನು ಕಂಡು ನನಗೆ ಭಯವಾಗಿದೆ. ಹಣ ಮೊದಲೇ ಸೇರಿದ್ದರೆ ನೀವು ಸುಸ್ತಾದಾಗ ಇಳಿಯಬಹುದು.

ಕಂಪನಿಗಳವರಿಗೆ ಚಿಕ್ಕದಾಗಿ ಹೇಳುತ್ತೇನೆ, ನಿಮ್ಮಲ್ಲಿ ವಕೀಲರಿದ್ದಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. 2014ರ ಜೂನ್‌ನಲ್ಲಿ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಹೊರಡಿಸಿದ ಸುತ್ತೋಲೆ, ಮ್ಯಾರಥಾನ್, ಪ್ರಶಸ್ತಿಯಂಥ ಒಮ್ಮೆ ನಡೆದು ಮುಗಿಯುವ ಕಾರ್ಯಕ್ರಮಗಳ ಖರ್ಚು ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಸೈಕಲ್ ಯಾತ್ರೆಯ ಹೆಸರು ಅದರಲ್ಲಿರಲಿಲ್ಲ, ತರ್ಕ ಅದೇ. ಜರ್ಸಿಯ ಖರ್ಚನ್ನು ಪ್ರಚಾರದ ಖಾತೆಗೆ ಬರೆಯಿರಿ. ಸಮಾಜದ ಖಾತೆಯಿಂದ ನಮ್ಮ ಶ್ರವಣ ತಜ್ಞೆಯ ಸಂಬಳವನ್ನು ಮೂರು ವರ್ಷಕ್ಕೆ ಒಪ್ಪಿಕೊಳ್ಳಿ. ಸಂಬಳ ಎಂದ ಕೂಡಲೇ ಅದು ಆಡಳಿತ ವೆಚ್ಚ, ಕೊಡಲಾಗದು ಎನ್ನುತ್ತೀರಿ. ಶಾಲೆಯಲ್ಲಿ ಕಲಿಸುವವರ ಸಂಬಳ ಆಡಳಿತ ವೆಚ್ಚವಾದರೆ ಕಾರ್ಖಾನೆಯಲ್ಲಿ ಕಬ್ಬಿಣವೂ ಆಡಳಿತ ವೆಚ್ಚವೇ.

ಹೊರದೇಶದ ಕನ್ನಡಿಗರ ವಿಚಾರ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಪ್ರೀತಿಯಿಂದ ಕೊಟ್ಟದ್ದೇ ನಮಗೆ ಕುತ್ತಾಗಬಲ್ಲದು. ಸವಾರರ ಸ್ನೇಹಿತರು ನ್ಯೂಜೆರ್ಸಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಲಂಡನ್ನಿನಲ್ಲಿ ಇರುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಮುಟ್ಟಿದ ತಕ್ಷಣ ಕಳುಹಿಸಿಬಿಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ಅಲ್ಲಿದ್ದುಕೊಂಡೇ ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅಡ್ಡಿಯಿಲ್ಲ, ಅದು ವಿದೇಶಿ ವಂತಿಗೆಯಲ್ಲ. ಆದರೆ ಅಮೆರಿಕದ ಪೌರತ್ವ ಪಡೆದವರು, ಊರಿಗೆ ಬಂದು ಹೋಗಲು ಓಸಿಐ ಕಾರ್ಡ್ ಇದ್ದರೂ, ಮನೆಯಲ್ಲಿ ಅಚ್ಚಕನ್ನಡವನ್ನೇ ಆಡಿದರೂ, ಕಾನೂನಿನ ಕಣ್ಣಿಗೆ ವಿದೇಶಿಯರು. ಅವರು ಮೈಸೂರಿನಲ್ಲಿ ನಿಂತು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ವಂತಿಗೆ. ಅದನ್ನು ಪಡೆಯಲು ಪ್ರತ್ಯೇಕ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ನೋಂದಣಿ ಇರುವವರೂ ಹಣವನ್ನು ಮೊದಲು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಪಡೆಯಬೇಕು. ನಮ್ಮಂಥ ಸಣ್ಣ ಶಾಲೆಗೆ ಆ ನೋಂದಣಿ ಇಲ್ಲ. ಯಾತ್ರೆಗೆಂದು ರಜೆ ಹಾಕಿ ಬಂದ ಅಂಥ ಸವಾರರೊಬ್ಬರು ಹುಂಡಿಗೆ ನೋಟು ಹಾಕಲು ಹೋದಾಗ ನಾನು ಕೈ ಅಡ್ಡ ಹಿಡಿಯಬೇಕಾಯಿತು. ಅವರ ಮುಖ ಸಪ್ಪಗಾಯಿತು. ಊರಿನಲ್ಲಿರುವ ಅವರ ತಂಗಿ ಸ್ವಂತ ದುಡ್ಡಿನಲ್ಲಿ ಕೊಟ್ಟರೆ ಸಂತೋಷ, ಅವರ ದುಡ್ಡನ್ನೇ ತಂಗಿಯ ಹೆಸರಿನಲ್ಲಿ ಕೊಡುವುದು ಬೇಡ ಎಂಬುದನ್ನೂ ಬಿಡಿಸಿ ಹೇಳಬೇಕಾಯಿತು. ನಿಮ್ಮ ಮನವಿಯಲ್ಲಿ ಈ ಎರಡು ಸಾಲು ಮೊದಲೇ ಇದ್ದರೆ ಯಾರ ಮುಖವೂ ಸಪ್ಪಗಾಗುವುದಿಲ್ಲ.

ಭೇಟಿಯ ವಿಷಯ. ಯಾತ್ರೆಯ ದಾರಿಯಲ್ಲಿ ಶಾಲೆಗೆ ಬರಬೇಕೆಂಬ ಆಸೆ ನಿಮಗಿರುತ್ತದೆ, ಬನ್ನಿ. ಆದರೆ ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆಂದು ಹೇಳಿ, ಎದುರುಗಾಳಿಗೂ ಪಂಕ್ಚರಿಗೂ ಸಿಕ್ಕಿ ಒಂದು ಗಂಟೆಗೆ ತಲುಪಿದರೆ, ಅಷ್ಟೂ ಹೊತ್ತು ಮಕ್ಕಳನ್ನು ಹೂ ಹಿಡಿಸಿ ಸಾಲಾಗಿ ನಿಲ್ಲಿಸುವವರು ನಮ್ಮವರೇ. ರಸ್ತೆಯಲ್ಲಿ ತಡವಾಗುವುದು ನಿಮ್ಮ ತಪ್ಪಲ್ಲ. ಸ್ವಾಗತ ಬೇಡ ಎಂದು ಮೊದಲೇ ಬರೆದು ಕಳುಹಿಸದಿರುವುದು ತಪ್ಪು. ಬಂದವರಲ್ಲಿ ಒಬ್ಬ ಯುವತಿಯ ನೆನಪಿದೆ. ಭಾಷಣ ನಡೆಯುತ್ತಿದ್ದಾಗ ಆಕೆ ಹಿಂದೆ ಸರಿದು, ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರ ತಿರುಗಿಸಿ ಬಿಟ್ಟರು. ಪೆಡಲ್ ನಿಂತರೂ ಚಕ್ರ ತಿರುಗುವಾಗ ಹಬ್ಬಿನೊಳಗೆ ಕಟಕಟ ಸದ್ದಾಗುತ್ತದಲ್ಲ, ಅದನ್ನು ಮಕ್ಕಳು ಫ್ರೇಮಿನ ಮೇಲೆ ಅಂಗೈ ಇಟ್ಟು ಕಂಡುಕೊಂಡರು. ಚಕ್ರ ನಿಧಾನವಾದಂತೆ ಕಟಕಟವೂ ನಿಧಾನವಾಗುವುದನ್ನು ಒಬ್ಬನಿಗೊಬ್ಬ ಕೈಸನ್ನೆಯಲ್ಲಿ ಹೇಳಿಕೊಂಡು, ಮತ್ತೆ ತಿರುಗಿಸಿ ಎಂದು ಆಕೆಯ ತೋಳು ಹಿಡಿದು ಜಗ್ಗಿದರು. ಅಧ್ಯಕ್ಷರ ಭಾಷಣವನ್ನು ಅಂದು ಯಾರೂ ನೋಡಲಿಲ್ಲ. ನನ್ನನ್ನು ಕೇಳಿದರೆ ಭೇಟಿ ಎಂದರೆ ಹಾಗಿರಬೇಕು: ನಾಲ್ಕು ಗಂಟೆಯ ನಂತರ, ವೇದಿಕೆಯಿಲ್ಲದೆ, ಒಂದೆರಡು ಸೈಕಲ್ ಮಕ್ಕಳ ಕೈಗೆ ಸಿಗುವಂತೆ. ಫೋಟೊ ತೆಗೆಯುವುದಾದರೆ ತಂದೆತಾಯಿಯ ಒಪ್ಪಿಗೆ ಕೇಳಿ. ಬಡವರೆಂಬ ಕಾರಣಕ್ಕೆ ಅವರ ಮಕ್ಕಳ ಮುಖ ಸಾರ್ವಜನಿಕ ಸ್ವತ್ತಾಗುವುದಿಲ್ಲ.

ಹಣ ಕಳುಹಿಸುವವರು ದಯವಿಟ್ಟು ಗಮನಿಸಿ. 80ಜಿ ಎಂದು ಜನ ಕರೆಯುವ ತೆರಿಗೆ ರಿಯಾಯಿತಿ ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ, ವಸ್ತುರೂಪದ ದೇಣಿಗೆಗೂ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಆ ರಿಯಾಯಿತಿಯೇ ಇಲ್ಲ. ಅದಕ್ಕಾಗಿ ನನ್ನ ಮೇಲೆ ಕೋಪಿಸಿಕೊಳ್ಳಬೇಡಿ. ಇಡೀ ಗುಂಪಿನ ಹಣವನ್ನು ಒಬ್ಬರ ಖಾತೆಯಲ್ಲಿ ಕೂಡಿಹಾಕಿ ಒಂದೇ ಕಂತಿನಲ್ಲಿ ಕಳುಹಿಸಿದರೆ ರಸೀದಿ ಆ ಒಬ್ಬರ ಹೆಸರಿಗೇ ಹೋಗುತ್ತದೆ, ಉಳಿದವರು ಏಪ್ರಿಲ್‌ನಲ್ಲಿ ನನಗೆ ಫೋನ್ ಮಾಡುತ್ತಾರೆ. ಅದಕ್ಕೆ ಪ್ರತಿಯೊಬ್ಬರೂ ನೇರವಾಗಿ ಶಾಲೆಯ ಖಾತೆಗೆ, ಮಾರ್ಚ್ 31ರೊಳಗೆ ಹಾಕಲಿ. ದೇಣಿಗೆದಾರರ ಪಟ್ಟಿಯನ್ನು ನಾವು ತೆರಿಗೆ ಇಲಾಖೆಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕಾಗಿರುವುದರಿಂದ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ಮೂರೂ ಬೇಕು. ಪ್ಯಾನಿನಲ್ಲಿ ಮೊದಲ ಐದು ಅಕ್ಷರ, ಆಮೇಲಿನ ನಾಲ್ಕು ಅಂಕಿ, ಕೊನೆಯದು ಮತ್ತೆ ಅಕ್ಷರ. ಇಂಗ್ಲಿಷಿನ ಓ ಅಕ್ಷರ ಇರಬೇಕಾದ ಕಡೆ ಸೊನ್ನೆ ಬರೆದು ಕಳುಹಿಸಬೇಡಿ.

ಇತಿ ನಿಮ್ಮ ವಿಶ್ವಾಸಿ,
ಖಜಾಂಚಿ